ಬಿಸಿಲಿನಲ್ಲಿ ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆಯೇ? ಬೇಸಿಗೆ ಪ್ರವಾಸಕ್ಕೆ ಹೊರಟವರು ತಿಳಿದಿರಬೇಕಾದ ಸಂಗತಿಗಳು

ಪರೀಕ್ಷೆ ಮುಗಿದು ಮಕ್ಕಳಿಗೆ ರಜೆ ಸಿಕ್ಕ ಕೂಡಲೇ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಎರಡು ಬಗೆಯ ಮೆಸೇಜ್‌ಗಳು ಓಡಾಡಲು ಶುರುವಾಗುತ್ತವೆ. ಒಂದು, ಈ ಸಲ ಹಂಪಿಗೆ ಹೋಗೋಣವೋ ಗೋಕರ್ಣಕ್ಕೋ ಎಂಬ ಚರ್ಚೆ. ಇನ್ನೊಂದು, ಪ್ರತಿ ಬೇಸಿಗೆಯಲ್ಲೂ ತಪ್ಪದೆ ಬರುವ ಎಚ್ಚರಿಕೆ. ತಾಪಮಾನ 40 ಡಿಗ್ರಿ ಮುಟ್ಟಿದಾಗ ಫ್ರಿಜ್ ನೀರು ಕುಡಿಯಬಾರದಂತೆ, ಕುಡಿದರೆ ಸಣ್ಣ ರಕ್ತನಾಳಗಳು ಒಡೆದುಹೋಗುತ್ತವಂತೆ. ಬಿಸಿಲಿನಿಂದ ಬಂದ ಕೂಡಲೇ ಕೈಕಾಲು ತೊಳೆಯಬಾರದಂತೆ, ಅರ್ಧ ಗಂಟೆ ಕಾಯಬೇಕಂತೆ. ಹಾಗೆ ಕಾಯದೆ ಕಾಲು ತೊಳೆದ ಯಾರೋ ಒಬ್ಬರು ಕುಸಿದುಬಿದ್ದು ಆಸ್ಪತ್ರೆ ಸೇರಿದರಂತೆ. ಕೆಳಗೆ ಯಾವುದೋ ಡಾಕ್ಟರ ಮಾತು ಎಂಬ ಸಾಲು, ಕೊನೆಯಲ್ಲಿ ಎಲ್ಲರಿಗೂ ಕಳುಹಿಸಿ ಎಂಬ ವಿನಂತಿ.

ಕಳುಹಿಸುವವರ ಮನಸ್ಸಿನಲ್ಲಿ ಕಾಳಜಿಯೇ ಇರುತ್ತದೆ, ಅನುಮಾನವಿಲ್ಲ. ಆದರೆ ಈ ಮೆಸೇಜ್ ಸುಳ್ಳು. ಬರೀ ಸುಳ್ಳಾಗಿದ್ದರೆ ನಕ್ಕು ಡಿಲೀಟ್ ಮಾಡಬಹುದಿತ್ತು. ತೊಂದರೆ ಏನೆಂದರೆ, ಬಿಸಿಲಿನ ಹೊಡೆತಕ್ಕೆ ಸಿಕ್ಕಿ ಒಬ್ಬರು ಪ್ರಾಣಾಪಾಯದಲ್ಲಿರುವಾಗ ಅವರನ್ನು ಉಳಿಸುವ ಮೊದಲ ಮದ್ದೇ ತಣ್ಣೀರು. ಅದೇ ಹೊತ್ತಿಗೆ ಈ ಮೆಸೇಜ್ ನೆನಪಾಗಿ ಯಾರಾದರೂ "ಬೇಡ, ತಣ್ಣೀರು ಹಾಕಬೇಡಿ, ಸ್ವಲ್ಪ ಹೊತ್ತು ಬಿಡಿ" ಎಂದುಬಿಟ್ಟರೆ?

ದೇಹ ಬಿಸಿಯನ್ನು ಹೊರಹಾಕುವುದು ಹೇಗೆ?

ನಮ್ಮ ದೇಹದ ಒಳಗಿನ ತಾಪಮಾನ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಇರಬೇಕು. ಹೊರಗೆ ಬಿಸಿ ಹೆಚ್ಚಾದಾಗ ಚರ್ಮದ ಅಡಿಯ ಸಣ್ಣ ರಕ್ತನಾಳಗಳು ಅಗಲವಾಗುತ್ತವೆ. ಒಳಗಿನ ಬಿಸಿ ರಕ್ತ ಚರ್ಮದ ಕಡೆಗೆ ಹರಿದು ಶಾಖವನ್ನು ಹೊರಗೆ ಬಿಡುತ್ತದೆ. ಬಿಸಿಲಲ್ಲಿ ಮುಖ ಕೆಂಪಾಗುವುದು ಇದೇ ಕಾರಣಕ್ಕೆ. ಆದರೆ ಸುತ್ತಲಿನ ಗಾಳಿಯೇ ಚರ್ಮಕ್ಕಿಂತ ಬಿಸಿಯಾಗಿದ್ದರೆ ಈ ದಾರಿ ಮುಚ್ಚಿಹೋಗುತ್ತದೆ. ಆಗ ಉಳಿಯುವುದು ಬೆವರು ಮಾತ್ರ.

ಬೆವರು ಸುರಿದರೆ ಮೈ ತಂಪಾಗುವುದಿಲ್ಲ, ಬೆವರು ಆರಿದರೆ ತಂಪಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ದೇಹದಿಂದ ಸುಮಾರು 580 ಕಿಲೋ ಕ್ಯಾಲರಿ ಶಾಖ ಹೊರಹೋಗುತ್ತದೆ. ಒಲೆಯ ಲೆಕ್ಕದಲ್ಲಿ ಹೇಳುವುದಾದರೆ, ಏಳು ಲೀಟರ್‌ಗಿಂತ ಹೆಚ್ಚು ನೀರನ್ನು ಕುದಿಯುವವರೆಗೆ ಕಾಯಿಸಲು ಬೇಕಾಗುವಷ್ಟು ಶಾಖ. ಅದೇ ಬೆವರು ಆರದೆ ಬಟ್ಟೆಗೆ ಅಂಟಿಕೊಂಡು ತೊಟ್ಟಿಕ್ಕಿದರೆ ನೀರು ಮತ್ತು ಉಪ್ಪು ಕಳೆದುಕೊಂಡಿದ್ದೇ ಬಂತು.

ಈಗ ತಣ್ಣೀರಿಗೆ ಬರೋಣ. ಮೈಗೆ ತಣ್ಣೀರು ತಾಗಿದರೆ ಅಗಲವಾಗಿದ್ದ ರಕ್ತನಾಳಗಳು ಕಿರಿದಾಗುತ್ತವೆ. ಕಿರಿದಾಗುವುದು ಬೇರೆ, ಒಡೆಯುವುದು ಬೇರೆ. ರಕ್ತನಾಳ ಗಾಜಿನ ಲೋಟವಲ್ಲ, ಬಿಸಿ ಇದ್ದಾಗ ತಣ್ಣೀರು ಬಿದ್ದರೆ ಬಿರುಕು ಬಿಡಲು. ಹಿಗ್ಗುವುದು ಕುಗ್ಗುವುದು ಅದರ ದಿನನಿತ್ಯದ ಕೆಲಸ.

ಇನ್ನು ಕುಡಿಯುವ ನೀರು. ಫ್ರಿಜ್ಜಿನಿಂದ ತೆಗೆದ 5 ಡಿಗ್ರಿಯ ಒಂದು ಲೋಟ ನೀರು, ಅಂದರೆ 250 ಮಿಲಿ ಲೀಟರ್, ಹೊಟ್ಟೆಯೊಳಗೆ 37 ಡಿಗ್ರಿಗೆ ಬರಲು ದೇಹದಿಂದ 8 ಕಿಲೋ ಕ್ಯಾಲರಿ ಶಾಖ ಎಳೆದುಕೊಳ್ಳುತ್ತದೆ. 60 ಕೆ.ಜಿ. ತೂಕದವರ ದೇಹ ಅಷ್ಟರಿಂದ ತಣ್ಣಗಾಗುವುದು ಒಂದು ಡಿಗ್ರಿಯ ಆರನೇ ಒಂದು ಭಾಗದಷ್ಟು. ಇಷ್ಟರಿಂದ ಒಡೆಯುವಂಥದ್ದು ಒಳಗೆ ಏನೂ ಇಲ್ಲ. ಗಟಗಟನೆ ಕುಡಿದರೆ ಐಸ್‌ಕ್ರೀಮ್ ತಿಂದಾಗ ಬರುವಂತೆ ಕೆಲವರಿಗೆ ಹಣೆ ನೋಯಬಹುದು, ಹೊಟ್ಟೆ ಹಿಡಿದಂತಾಗಬಹುದು. ನಿಧಾನವಾಗಿ ಕುಡಿದರೆ ಅದೂ ಇಲ್ಲ.

ಐಸ್ ನೀರಿನ ತೊಟ್ಟಿಯಲ್ಲಿ 274 ಜನ

ಅಮೆರಿಕದ ಮ್ಯಾಸಚೂಸೆಟ್ಸ್‌ನ ಫಾಲ್‌ಮತ್ ಎಂಬ ಊರಿನಲ್ಲಿ ಪ್ರತಿ ಆಗಸ್ಟ್‌ನಲ್ಲಿ ಏಳು ಮೈಲಿಯ ಓಟ ನಡೆಯುತ್ತದೆ. ಸೆಕೆಗಾಲ, ಸಮುದ್ರದ ದಂಡೆ, ಜೋರು ಓಟ. ಹಾಗಾಗಿ ಅಲ್ಲಿ ಪ್ರತಿ ವರ್ಷ ಹಲವರು ಹೀಟ್ ಸ್ಟ್ರೋಕ್ ಆಗಿ ಬೀಳುತ್ತಾರೆ. ವೈದ್ಯಕೀಯ ಟೆಂಟ್‌ನಲ್ಲಿ ಐಸ್ ಹಾಕಿದ ನೀರಿನ ತೊಟ್ಟಿಗಳನ್ನು ಮೊದಲೇ ಸಿದ್ಧವಾಗಿಟ್ಟಿರುತ್ತಾರೆ. ಬಿದ್ದವರನ್ನು ಎತ್ತಿ ನೇರ ತೊಟ್ಟಿಗೆ ಇಳಿಸುವುದು, ಮೈ ತಣ್ಣಗಾದ ಮೇಲೆ ಉಳಿದ ಮಾತು. 18 ವರ್ಷಗಳ ದಾಖಲೆಯನ್ನು ಒಟ್ಟುಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ 274 ಪ್ರಕರಣಗಳಿದ್ದವು. ಎಲ್ಲರೂ ಬದುಕಿದರು. 40 ಡಿಗ್ರಿ ದಾಟಿ ಕಾಯ್ದಿದ್ದ ದೇಹಗಳನ್ನು ಐಸ್ ನೀರಿಗೆ ಇಳಿಸಿದಾಗ ಆದದ್ದು ಇದು. ಆ ಫಾರ್ವರ್ಡ್‌ಗೆ ಇದಕ್ಕಿಂತ ನೇರವಾದ ಉತ್ತರ ನಮಗೆ ಸಿಕ್ಕಿಲ್ಲ.

ಹಾಗಾದರೆ ಕಾಲು ತೊಳೆದು ಕುಸಿದವರ ಕತೆ? ಬಿಸಿಲಲ್ಲಿ ಸಾಕಷ್ಟು ನಡೆದವರ ದೇಹದಲ್ಲಿ ನೀರು ಕಡಿಮೆಯಾಗಿರುತ್ತದೆ, ರಕ್ತವೆಲ್ಲ ಚರ್ಮದ ಕಡೆ ಇರುತ್ತದೆ, ಬಿ.ಪಿ. ಇಳಿದಿರುತ್ತದೆ. ಅಂಥವರು ಮನೆಗೆ ಬಂದು ನಿಂತರೂ ಕುಸಿಯಬಹುದು, ಕುಳಿತು ಎದ್ದರೂ ಕುಸಿಯಬಹುದು. ಬೀಳುವ ಮುಂಚೆ ಕೊನೆಯದಾಗಿ ಮಾಡಿದ್ದು ಕಾಲು ತೊಳೆದದ್ದಾದರೆ ತಪ್ಪು ಬಕೆಟ್‌ನ ಮೇಲೆ ಬೀಳುತ್ತದೆ, ಮೂರು ಗಂಟೆಯ ಬಿಸಿಲಿನ ಮೇಲಲ್ಲ.

ಮೆಸೇಜ್‌ನಲ್ಲಿ ಎಳ್ಳಷ್ಟು ನಿಜ ಹುಡುಕಲೇಬೇಕು ಎಂದರೆ ಎರಡು ವಿಷಯ ಹೇಳಬಹುದು. ಹೃದಯದ ಕಾಯಿಲೆ ಇರುವವರು ಮೈ ಕಾದಿರುವಾಗ ಒಮ್ಮೆಗೇ ತಣ್ಣನೆಯ ಹೊಳೆಗೋ ಈಜುಕೊಳಕ್ಕೋ ಧುಮುಕುವುದು ಒಳ್ಳೆಯದಲ್ಲ, ಹೃದಯಕ್ಕೆ ಹಠಾತ್ ಒತ್ತಡ ಬೀಳುತ್ತದೆ. ಮೆಲ್ಲಗೆ ಇಳಿಯಬೇಕು. ಎರಡನೆಯದು, ರಸ್ತೆ ಬದಿಯ ಕಬ್ಬಿನ ಹಾಲಿಗೆ ಹಾಕುವ ಐಸ್. ಅದು ಯಾವ ನೀರಿನದು, ಯಾವ ಗೋಣಿಚೀಲದಲ್ಲಿ ಬಂತು ಎಂಬುದು ಗೊತ್ತಿರುವುದಿಲ್ಲ. ಪ್ರವಾಸದಿಂದ ಬಂದ ಮೇಲೆ ಟೈಫಾಯ್ಡ್, ಕಾಮಾಲೆ, ವಾಂತಿಭೇದಿ ಹಿಡಿದರೆ ಅದಕ್ಕೆ ಕಾರಣ ನೀರಿನ ತಂಪಲ್ಲ, ನೀರಿನ ಕೊಳೆ. ಐಸ್ ಬೇಡ ಎಂದು ಹೇಳಿ ಕುಡಿಯಿರಿ.

"ನೀವು ನೋಡಿಕೊಂಡು ಬನ್ನಿ, ನಾನಿಲ್ಲೇ ಕೂತಿರ್ತೀನಿ"

ಪ್ರವಾಸದಲ್ಲಿ ಅಜ್ಜಿಯೋ ದೊಡ್ಡಪ್ಪನೋ ಈ ಮಾತು ಹೇಳಿದರೆ ಅಲ್ಲೇ ನಿಲ್ಲಿ. ಸುಸ್ತು, ತಲೆನೋವು, ತಲೆಸುತ್ತು, ವಾಕರಿಕೆ, ಕಾಲಿನ ಮೀನಖಂಡ ಹಿಡಿದುಕೊಳ್ಳುವುದು ಇವೆಲ್ಲ ದೇಹ ಬಿಸಿಲಿಗೆ ಸೋಲುತ್ತಿದೆ ಎಂಬುದರ ಮೊದಲ ಸೂಚನೆಗಳು. ಹಿರಿಯರು ಇದನ್ನು ಹೇಳಿಕೊಳ್ಳುವುದಿಲ್ಲ. ತಮ್ಮಿಂದ ಎಲ್ಲರ ಟ್ರಿಪ್ ಹಾಳಾಗಬಾರದು ಎಂಬ ಸಂಕೋಚ. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಕಡಿಮೆಯಾಗುತ್ತದೆ, ಬೆವರುವುದೂ ಕಡಿಮೆಯಾಗುತ್ತದೆ. ಅವರನ್ನು ಮಂಟಪದ ನೆರಳಿನಲ್ಲಿ ಒಬ್ಬರೇ ಕೂರಿಸಿ ಉಳಿದವರು ಎರಡು ಗಂಟೆ ಸುತ್ತಲು ಹೋಗುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಜೊತೆಗೆ ಒಬ್ಬರು ಇರಲೇಬೇಕು. ಬಟ್ಟೆ ಸಡಿಲಿಸಿ, ತಣ್ಣನೆಯ ನೀರು ಅಥವಾ ಮಜ್ಜಿಗೆ ಕೊಟ್ಟು, ಕತ್ತು ಮುಖ ತೋಳು ಒದ್ದೆ ಮಾಡಿ ಗಾಳಿ ಹಾಕಿ. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ಹತ್ತಿರದ ಆಸ್ಪತ್ರೆಗೆ ಹೊರಡಿ.

ಇದರ ಮುಂದಿನ ಹಂತವೇ ಹೀಟ್ ಸ್ಟ್ರೋಕ್. ದೇಹದ ಒಳಗಿನ ತಾಪಮಾನ 40 ಡಿಗ್ರಿ ದಾಟಿ ಮೆದುಳಿನ ಕೆಲಸ ಹದಗೆಡುವ ಸ್ಥಿತಿ. ಪ್ರವಾಸದಲ್ಲಿ ಥರ್ಮಾಮೀಟರ್ ಇಲ್ಲದಿದ್ದರೂ ಇದನ್ನು ಗುರುತಿಸಬಹುದು. ಮಾತನಾಡಿಸಿ ನೋಡಿ. ಈಗ ಯಾವ ಊರಿನಲ್ಲಿದ್ದೇವೆ, ಬೆಳಿಗ್ಗೆ ಏನು ತಿಂಡಿ ತಿಂದಿರಿ ಎಂದು ಕೇಳಿ. ಉತ್ತರ ತಡವರಿಸಿದರೆ, ಏನೇನೋ ಹೇಳಿದರೆ, ಕಾರಣವಿಲ್ಲದೆ ಸಿಡುಕಿದರೆ, ನಡಿಗೆ ತೂರಾಡಿದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಅದು ತುರ್ತು ಪರಿಸ್ಥಿತಿ. ಬೆವರು ನಿಂತು ಮೈ ಒಣಗಿದರೆ ಮಾತ್ರ ಹೀಟ್ ಸ್ಟ್ರೋಕ್ ಎಂದು ಹಲವರು ನಂಬಿದ್ದಾರೆ. ಹಾಗೇನಿಲ್ಲ. ಬೆಟ್ಟ ಹತ್ತಿ ಬಿದ್ದವರ ಮೈ ಬೆವರಿನಿಂದ ತೊಯ್ದಿರುವಾಗಲೂ ಹೀಟ್ ಸ್ಟ್ರೋಕ್ ಆಗಿರಬಹುದು.

ಆಗ ಒಬ್ಬರು 108ಕ್ಕೆ ಫೋನ್ ಮಾಡಲಿ, ಉಳಿದವರು ಆ ಕ್ಷಣದಿಂದಲೇ ಮೈ ತಣಿಸಲು ಶುರುಮಾಡಲಿ. ಆಂಬುಲೆನ್ಸ್ ಬರುವ ತನಕ ಕಾಯುವುದಲ್ಲ. ನೆರಳಿಗೆ ತನ್ನಿ, ಮೇಲಿನ ಬಟ್ಟೆ ತೆಗೆಯಿರಿ. ಬಾಟಲಿ, ಕೊಡ, ಕೊಳಾಯಿ ಯಾವುದಾದರೂ ಸರಿ, ತಲೆಯಿಂದ ಕಾಲಿನ ತನಕ ನೀರು ಸುರಿಯಿರಿ. ಪಂಚೆ, ಟವೆಲ್, ದುಪಟ್ಟಾ ನೆನೆಸಿ ಮೈಮೇಲೆ ಹಾಕಿ, ಬೀಸಣಿಗೆಯಿಂದಲೋ ರಟ್ಟಿನಿಂದಲೋ ಜೋರಾಗಿ ಗಾಳಿ ಹಾಕಿ. ಬಟ್ಟೆ ಬಿಸಿಯಾದರೆ ಮತ್ತೆ ನೆನೆಸಿ. ಪಕ್ಕದ ಅಂಗಡಿಯಲ್ಲಿ ಐಸ್ ಅಥವಾ ತಣ್ಣನೆಯ ಬಾಟಲಿಗಳು ಸಿಕ್ಕರೆ ಕತ್ತು, ಕಂಕುಳು, ತೊಡೆಸಂದಿಯಲ್ಲಿ ಇಡಿ. ಗಟ್ಟಿಮುಟ್ಟಾದ ಯುವಕ ಬಿದ್ದಿದ್ದರೆ ಕತ್ತಿನವರೆಗೆ ನೀರಿನ ತೊಟ್ಟಿಗೆ ಇಳಿಸಬಹುದು, ತಲೆ ಮುಳುಗದಂತೆ ಹಿಡಿದುಕೊಂಡಿರಬೇಕು. ವಯಸ್ಸಾದವರಿಗೆ ನೀರು ಸುರಿದು ಗಾಳಿ ಹಾಕುವ ಕ್ರಮವೇ ಸುಲಭ. ಸ್ವಂತ ಗಾಡಿಯಲ್ಲಿ ಆಸ್ಪತ್ರೆಗೆ ಹೊರಟರೆ ದಾರಿಯಲ್ಲೂ ಇದನ್ನು ನಿಲ್ಲಿಸಬೇಡಿ. ಸೀಟು ಒದ್ದೆಯಾಗಲಿ.

ಮಾಡಬಾರದ್ದು ಎರಡಿದೆ. ಎಚ್ಚರವಿಲ್ಲದವರ, ಮಂಕಾಗಿರುವವರ ಬಾಯಿಗೆ ನೀರು ಹಾಕಬೇಡಿ. ಸೋಡಾ, ಗ್ಲೂಕೋಸ್, ಎಳನೀರು ಯಾವುದೂ ಬೇಡ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎರಡನೆಯದು, ಪ್ಯಾರಾಸಿಟಮಾಲ್ ಮಾತ್ರೆ ಕೊಡಬೇಡಿ. ಜ್ವರದಲ್ಲಿ ಮೆದುಳು ತಾನೇ ದೇಹದ ತಾಪಮಾನ ಏರಿಸಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಬಿಸಿಲಿನ ಹೊಡೆತದಲ್ಲಿ ದೇಹ ಹೊರಗಿನ ಶಾಖದಿಂದ ಕಾದಿರುತ್ತದೆ, ಅಲ್ಲಿ ಮಾತ್ರೆಗೆ ಕೆಲಸವಿಲ್ಲ.

34 ಡಿಗ್ರಿಯ ಉಡುಪಿಯೂ ಸುಲಭವಲ್ಲ

ಕಲಬುರಗಿ, ರಾಯಚೂರು ಎಂದರೆ ಎಲ್ಲರೂ ಬಿಸಿಲಿಗೆ ಹೆದರುತ್ತಾರೆ. ಮೊಬೈಲ್‌ನಲ್ಲಿ ಉಡುಪಿ 34 ಡಿಗ್ರಿ ಎಂದು ತೋರಿಸಿದರೆ ನಿರಾಳವಾಗುತ್ತಾರೆ. ಕರಾವಳಿಯವರನ್ನು ಕೇಳಿ ನೋಡಿ, ಮೇ ತಿಂಗಳ ಸೆಕೆ ಎಂದರೆ ಏನೆಂದು ಹೇಳುತ್ತಾರೆ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಶಾಖ ಹೊರಹೋಗುವ ಕೊನೆಯ ದಾರಿಯೂ ಕಿರಿದಾಯಿತು. ಭಾರತೀಯ ಹವಾಮಾನ ಇಲಾಖೆ ಶಾಖದ ಅಲೆಯನ್ನು ಪರಿಗಣಿಸಲು ಇಟ್ಟುಕೊಂಡಿರುವ ಮಿತಿಗಳೇ ಇದನ್ನು ತೋರಿಸುತ್ತವೆ. ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ಕರಾವಳಿಗೆ 37 ಸಾಕು, ಗುಡ್ಡಗಾಡಿಗೆ 30. ಅದರ ಜೊತೆಗೆ ಆ ಊರಿನ ವಾಡಿಕೆಗಿಂತ ಎಷ್ಟು ಹೆಚ್ಚು ಎಂಬುದನ್ನೂ ನೋಡುತ್ತಾರೆ. ಹೊರಡುವ ಮುಂಚೆ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಒಮ್ಮೆ ನೋಡಿ. ಆ್ಯಪ್‌ನ ತಾಪಮಾನದ ಅಂಕಿ ನೋಡುವಾಗ ಪಕ್ಕದಲ್ಲಿರುವ ತೇವಾಂಶದ ಶೇಕಡಾವಾರನ್ನೂ ನೋಡಿ.

ಬಿಸಿಲಿಗೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಹೆಚ್ಚಿನ ತಾಪಮಾನವೇ 39.2 ಡಿಗ್ರಿ, 2016ರ ಏಪ್ರಿಲ್‌ನಲ್ಲಿ. ಅಲ್ಲಿ ಎ.ಸಿ. ಆಫೀಸಿನಲ್ಲಿ ಕೂತವರು ರಾತ್ರಿ ಬಸ್ಸಿಗೆ ಹತ್ತಿ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದು, ಅದೇ ದಿನ ಇಡೀ ಹಂಪಿ ಮುಗಿಸುತ್ತೇವೆ ಎಂದರೆ ದೇಹ ಒಪ್ಪುವುದಿಲ್ಲ. ಲಂಡನ್ನಿನಿಂದಲೋ ಟೊರೊಂಟೊದಿಂದಲೋ ರಜೆಗೆ ಬಂದ ಅಣ್ಣನ ಮಕ್ಕಳಿಗಂತೂ ಇನ್ನೂ ಕಷ್ಟ. ಅಲ್ಲೇ ಹುಟ್ಟಿ ಬೆಳೆದ ಗೈಡ್ ಬಿಸಿಲಲ್ಲಿ ಆರಾಮಾಗಿ ಓಡಾಡುತ್ತಾನೆ ಎಂದು ನೀವು ಅವನ ಹಿಂದೆ ಓಡಬೇಡಿ.

ಹಂಪಿಯದು ಇನ್ನೊಂದು ವಿಶೇಷ. ಸುತ್ತಲೂ ಬಂಡೆ. ಗ್ರಾನೈಟ್ ಬಂಡೆಗಳು ದಿನವಿಡೀ ಶಾಖ ಹೀರಿಕೊಂಡು ಸಂಜೆಯ ತನಕ ಹೊರಬಿಡುತ್ತಿರುತ್ತವೆ. ಅಂದರೆ ಮೇಲಿಂದ ಸೂರ್ಯ, ಪಕ್ಕದಿಂದ ಬಂಡೆ. ನಮ್ಮ ಸಲಹೆ ಸರಳ. ಬೆಳಿಗ್ಗೆ ಬೇಗ ಹೊರಟು ಹತ್ತೂವರೆ ಹನ್ನೊಂದರೊಳಗೆ ನಡೆಯುವ ಜಾಗಗಳನ್ನೆಲ್ಲ ಮುಗಿಸಿ. ಮಧ್ಯಾಹ್ನ ಊಟ, ನಿದ್ದೆ. ನಾಲ್ಕರ ನಂತರ ಮತ್ತೆ ಹೊರಡಿ. ವಿಠ್ಠಲ ದೇವಸ್ಥಾನಕ್ಕೆ ಪಾರ್ಕಿಂಗ್‌ನಿಂದ ಬ್ಯಾಟರಿ ವಾಹನ ಇದೆ, ಸಾಲು ಉದ್ದವಿದ್ದರೂ ಹಿರಿಯರನ್ನು ನಡೆಸಬೇಡಿ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಮಧ್ಯಾಹ್ನ ಹನ್ನೆರಡಕ್ಕೆ ಹತ್ತುವುದು ಭಕ್ತಿಯ ಪರೀಕ್ಷೆಯಲ್ಲ, ಹೃದಯದ ಪರೀಕ್ಷೆ. ವಿಜಯಪುರದಲ್ಲಾದರೆ ಬಯಲಲ್ಲಿರುವ ಬಾರಾಕಮಾನ್ ಬೆಳಿಗ್ಗೆಗೆ ಇಟ್ಟುಕೊಂಡು, ದಪ್ಪ ಗೋಡೆಯ ಗೋಳಗುಮ್ಮಟದ ಒಳಭಾಗವನ್ನು ಬಿಸಿಲೇರಿದ ಮೇಲೆ ನೋಡಬಹುದು.

ಬರಿಗಾಲಿನ ವಿಷಯ ಯಾರೂ ಹೇಳುವುದಿಲ್ಲ. ದೇವಸ್ಥಾನದ ಪ್ರಾಂಗಣದಲ್ಲಿ ಚಪ್ಪಲಿ ಬಿಟ್ಟು ಕಾದ ಕಲ್ಲಿನ ಮೇಲೆ ನಡೆಯುವಾಗ ನಾವು ನೀವು ಹಾರಿ ಹಾರಿ ಓಡುತ್ತೇವೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ಕೆಲವರಿಗೆ ಪಾದದ ಸ್ಪರ್ಶವೇ ಕಡಿಮೆಯಾಗಿರುತ್ತದೆ. ಅವರು ಓಡುವುದಿಲ್ಲ, ನಿಧಾನವಾಗಿ ಪ್ರದಕ್ಷಿಣೆ ಹಾಕುತ್ತಾರೆ. ರಾತ್ರಿ ಲಾಡ್ಜ್‌ನಲ್ಲಿ ನೋಡಿದರೆ ಅಂಗಾಲಿನಲ್ಲಿ ಬೊಬ್ಬೆ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಹೆಚ್ಚಿನ ಮನೆಗಳಲ್ಲಿ ಗೊತ್ತಿದೆ. ದಪ್ಪನೆಯ ಹತ್ತಿಯ ಸಾಕ್ಸ್ ಜೊತೆಗಿರಲಿ, ಹಾಸಿದ ಚಾಪೆ ಅಥವಾ ನೆರಳಿನಲ್ಲೇ ನಡೆಯಲಿ, ಸಂಜೆ ಮನೆಯವರು ಯಾರಾದರೂ ಅವರ ಅಂಗಾಲು ನೋಡಲಿ.

ಅಮ್ಮ ಯಾಕೆ ನೀರು ಕುಡಿಯುತ್ತಿಲ್ಲ?

ಬೇಸಿಗೆಯಲ್ಲಿ ನೀರು ಜಾಸ್ತಿ ಕುಡಿಯಿರಿ ಎಂದು ಎಲ್ಲರೂ ಬರೆಯುತ್ತಾರೆ. ಪ್ರವಾಸದಲ್ಲಿ ನಿಮ್ಮ ಕಾರಿನ ಹಿಂದಿನ ಸೀಟನ್ನು ಗಮನಿಸಿ. ಮಕ್ಕಳು ಕುಡಿಯುತ್ತಾರೆ, ಅಪ್ಪ ಕುಡಿಯುತ್ತಾರೆ, ಅಮ್ಮ ಅಥವಾ ಅತ್ತೆ ಒಂದು ಗುಟುಕು ಕುಡಿದು ಬಾಟಲಿ ಮುಚ್ಚಿಡುತ್ತಾರೆ. ಬಾಯಾರಿಕೆ ಇಲ್ಲ ಎನ್ನುತ್ತಾರೆ. ನಿಜವಾದ ಕಾರಣ ಮುಂದಿನ ಶೌಚಾಲಯ ಎಲ್ಲಿದೆ, ಹೇಗಿದೆ ಎಂಬುದು ಗೊತ್ತಿಲ್ಲದಿರುವುದು. ಗಂಡಸರು ಎಲ್ಲಿ ಬೇಕಾದರೂ ಗಾಡಿ ನಿಲ್ಲಿಸಬಹುದು, ಹೆಂಗಸರಿಗೆ ಆಗುವುದಿಲ್ಲ. ಹೀಗೆ ಆರೆಂಟು ಗಂಟೆ ನೀರು ಬಿಟ್ಟವರೇ ಬಿಸಿಲಿಗೆ ಇಳಿದಾಗ ಮೊದಲು ಬೀಳುವವರು. ಮೂತ್ರನಾಳದ ಸೋಂಕಿನ ಕಾಟ ಬೇರೆ.

ಹಾಗಾಗಿ ರೂಟ್ ಮ್ಯಾಪ್ ಹಾಕುವಾಗ ದೇವಸ್ಥಾನ, ಹೋಟೆಲ್ ಗುರುತಿಸುವಂತೆ ಶೌಚಾಲಯವನ್ನೂ ಗುರುತಿಸಿ. ಎರಡು ಗಂಟೆಗೊಮ್ಮೆ ಪೆಟ್ರೋಲ್ ಬಂಕ್‌ನಲ್ಲೋ ಒಳ್ಳೆಯ ಹೋಟೆಲ್‌ನಲ್ಲೋ ನಿಲ್ಲುತ್ತೇವೆ ಎಂದು ಹೊರಡುವಾಗಲೇ ಹೇಳಿಬಿಡಿ. ಅವರಾಗಿ ಕೇಳಲಿ ಎಂದು ಕಾಯಬೇಡಿ. ನಿಲ್ಲುವುದು ಖಚಿತವಾದರೆ ಅವರೂ ಕುಡಿಯುತ್ತಾರೆ. ಎಷ್ಟು ಕುಡಿಯಬೇಕು ಎಂಬುದಕ್ಕೆ ಎಲ್ಲರಿಗೂ ಒಂದೇ ಲೆಕ್ಕವಿಲ್ಲ. ಬಿಸಿಲಲ್ಲಿ ನಡೆಯುವಾಗ ಅರ್ಧ ಗಂಟೆಗೊಂದು ಲೋಟ ಎಂದಿಟ್ಟುಕೊಳ್ಳಿ, ಮೂತ್ರ ತಿಳಿ ಹಳದಿಯಾಗಿದ್ದರೆ ಸಾಕು, ಕಡು ಹಳದಿಯಾದರೆ ಇನ್ನಷ್ಟು ಕುಡಿಯಬೇಕು. ಒಮ್ಮೆಗೇ ಲೀಟರ್‌ಗಟ್ಟಲೆ ಬರೀ ನೀರು ಸುರಿದುಕೊಳ್ಳುವುದೂ ಸರಿಯಲ್ಲ, ರಕ್ತದಲ್ಲಿ ಉಪ್ಪಿನಂಶ ಇಳಿಯುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಪಾನಕ, ರಾಗಿ ಅಂಬಲಿ ಇದಕ್ಕೆ ಒಳ್ಳೆಯ ಜೊತೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಕಿಡ್ನಿ, ಹೃದಯದ ಕಾಯಿಲೆಗೆ ನೀರಿನ ಮಿತಿ ಹೇಳಿದ್ದರೆ ಅದನ್ನೂ ಹೊರಡುವ ಮುಂಚೆಯೇ ಕೇಳಿಕೊಳ್ಳಿ. ಆರು ತಿಂಗಳೊಳಗಿನ ಕೂಸಿಗೆ ಬೇಸಿಗೆಯಲ್ಲೂ ನೀರು ಬೇಡ, ತಾಯಿಯ ಹಾಲನ್ನೇ ಪದೇ ಪದೇ ಕುಡಿಸಬೇಕು. ತಾಯಿ ನೀರು ಕುಡಿಯಬೇಕು.

ಒ.ಆರ್.ಎಸ್. ಪೊಟ್ಟಣಗಳನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟರಲ್ಲೇ ಕಲಸಿ, ಕೆಲವು ಒಂದು ಲೀಟರ್‌ನವು, ಕೆಲವು 200 ಮಿಲಿ ಲೀಟರ್‌ನವು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಒ.ಆರ್.ಎಸ್. ಎಂಬ ಹೆಸರಿಟ್ಟುಕೊಂಡು ಟೆಟ್ರಾ ಪ್ಯಾಕ್‌ನಲ್ಲಿ ಮಾರುತ್ತಿದ್ದ ಹಣ್ಣಿನ ರುಚಿಯ ಸಿಹಿ ಪಾನೀಯಗಳೇ ಬೇರೆ. ಅವುಗಳಲ್ಲಿ ಸಕ್ಕರೆ ವಿಪರೀತ. ಆಹಾರ ಪಾನೀಯಗಳ ಹೆಸರಿನಲ್ಲಿ ಆ ಮೂರು ಅಕ್ಷರ ಬಳಸುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಔಷಧಿ ಅಂಗಡಿಯಲ್ಲಿ ಪುಡಿಯ ಪೊಟ್ಟಣವನ್ನೇ ಕೇಳಿ ತೆಗೆದುಕೊಳ್ಳಿ.

ದಿನನಿತ್ಯದ ಮಾತ್ರೆಗಳ ಬಗ್ಗೆಯೂ ಒಂದು ಮಾತು. ಬಿ.ಪಿ.ಗೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು, ಕೆಲವು ಅಲರ್ಜಿ ಮತ್ತು ಮಾನಸಿಕ ಕಾಯಿಲೆಯ ಮಾತ್ರೆಗಳು ಬಿಸಿಲು ತಾಳುವ ಶಕ್ತಿಯನ್ನು ಕುಗ್ಗಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಹೊರಡುವ ಮುಂಚೆ ವೈದ್ಯರನ್ನು ಕೇಳಿ. ಇನ್ಸುಲಿನ್ ಅನ್ನು ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟರೆ ಅದು ಕೆಡುತ್ತದೆ. ತಂಪು ಚೀಲದಲ್ಲಿಟ್ಟು ಜೊತೆಯಲ್ಲೇ ಒಯ್ಯಿರಿ, ಐಸ್‌ಗೆ ನೇರವಾಗಿ ತಾಗದಂತೆ.

ನಿಂತ ಕಾರು

ಮಗು ನಿದ್ದೆ ಮಾಡುತ್ತಿದೆ, ಎಬ್ಬಿಸುವುದು ಬೇಡ, ಗ್ಲಾಸ್ ಸ್ವಲ್ಪ ಇಳಿಸಿ ಐದು ನಿಮಿಷದಲ್ಲಿ ದರ್ಶನ ಮುಗಿಸಿ ಬರೋಣ. ಈ ಐದು ನಿಮಿಷ ಯಾವ ದೇವಸ್ಥಾನದಲ್ಲೂ ಐದು ನಿಮಿಷವಾಗಿ ಉಳಿಯುವುದಿಲ್ಲ. 2005ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗಿನ ತಾಪಮಾನ ಒಂದು ಗಂಟೆಯಲ್ಲಿ ಸುಮಾರು 22 ಡಿಗ್ರಿ ಸೆಲ್ಸಿಯಸ್ ಏರಿತು. ಅದರಲ್ಲಿ ಶೇಕಡಾ 80ರಷ್ಟು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಯಿತು. ಗ್ಲಾಸ್ ಸ್ವಲ್ಪ ಇಳಿಸಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಅಲ್ಲಿ ಹೊರಗಿನ ಹವೆ ನಮ್ಮ ಮೇ ತಿಂಗಳಿನಷ್ಟು ಬಿಸಿ ಇರಲಿಲ್ಲ, ಅಳೆದ ದಿನಗಳಲ್ಲಿ ಕೆಲವು 22 ಡಿಗ್ರಿಯವು. ಮಕ್ಕಳ ದೇಹ ದೊಡ್ಡವರಿಗಿಂತ ಬಹಳ ಬೇಗ ಕಾಯುತ್ತದೆ. ಇಳಿಯುವಾಗ ಮಗುವನ್ನು ಇಳಿಸಿಕೊಳ್ಳಿ, ಅಳಲಿ ಪರವಾಗಿಲ್ಲ. ಮಂಡಿ ನೋವಿಗೆ ಕಾರಿನಲ್ಲೇ ಉಳಿಯುವ ಅಜ್ಜಿಗೂ ಇದೇ ಮಾತು. ಲಾಡ್ಜ್‌ಗೆ ಬಂದ ಮೇಲೆ ಕಾರನ್ನು ಲಾಕ್ ಮಾಡಿ ಕೀ ಮೇಲೆ ಎತ್ತಿಡಿ, ಆಟವಾಡುತ್ತಾ ಮಕ್ಕಳು ಒಳಗೆ ಸೇರಿಕೊಂಡು ಹೊರಬರಲಾಗದೆ ಸಿಕ್ಕಿಬಿದ್ದ ಘಟನೆಗಳಿವೆ.

ಉಳಿದ ಫಾರ್ವರ್ಡ್‌ಗಳು

ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ತಾಗುವುದಿಲ್ಲ ಎನ್ನುವುದು ಹಳೆಯ ನಂಬಿಕೆ. ಜೇಬಿನ ಈರುಳ್ಳಿ ಜೇಬಿನ ಬಟ್ಟೆಯನ್ನೂ ತಣ್ಣಗೆ ಮಾಡುವುದಿಲ್ಲ. ಇಟ್ಟುಕೊಂಡರೆ ಕೆಡುಕೇನಿಲ್ಲ, ಅದನ್ನು ನಂಬಿ ಟೋಪಿ, ಕೊಡೆ ಬಿಟ್ಟು ಹೋದರೆ ಕೆಡುಕು.

ಕಾರಿನಲ್ಲಿ ಕಾದ ಪ್ಲಾಸ್ಟಿಕ್ ಬಾಟಲಿಯ ನೀರು ಕುಡಿದರೆ ಕ್ಯಾನ್ಸರ್ ಬರುತ್ತದೆ ಎಂಬ ಮೆಸೇಜ್‌ಗೆ ಪುರಾವೆ ಇಲ್ಲ. ಬಾಟಲಿಗಳನ್ನು ವಾರಗಟ್ಟಲೆ ಬಿಸಿಲಲ್ಲಿ ಬಿಡಬೇಡಿ, ಸ್ಟೀಲ್ ಬಾಟಲಿ ಇದ್ದರೆ ಇನ್ನೂ ಒಳ್ಳೆಯದು. ಆದರೆ ಕೈಯಲ್ಲಿ ಅದೊಂದೇ ನೀರಿದ್ದು ಬಾಯಾರಿದ್ದರೆ ಕುಡಿಯಿರಿ.

ಫುಲ್ ಟ್ಯಾಂಕ್ ಪೆಟ್ರೋಲ್ ಹಾಕಿಸಿದರೆ ಬೇಸಿಗೆಯಲ್ಲಿ ಗಾಡಿ ಸ್ಫೋಟಿಸುತ್ತದೆ ಎಂಬುದು ಇಂಡಿಯನ್ ಆಯಿಲ್ ಹೆಸರಿನಲ್ಲೇ ಹರಿದಾಡುತ್ತದೆ. ಬೇಸಿಗೆಯಿರಲಿ ಚಳಿಗಾಲವಿರಲಿ, ಗಾಡಿ ತಯಾರಕರು ಹೇಳಿದ ಗರಿಷ್ಠ ಮಿತಿಯವರೆಗೆ ತುಂಬಿಸುವುದು ಸುರಕ್ಷಿತ ಎಂದು ಆ ಸಂಸ್ಥೆಯೇ ಸ್ಪಷ್ಟಪಡಿಸಿದೆ. ಪೆಟ್ರೋಲ್ ತಾನಾಗಿಯೇ ಹೊತ್ತಿಕೊಳ್ಳಲು 200 ಡಿಗ್ರಿಗಿಂತ ಬಹಳ ಹೆಚ್ಚಿನ ಬಿಸಿ ಬೇಕು. ದೂರದ ದಾರಿಗೆ ಹೊರಡುವಾಗ ಟೈರ್‌ಗಳನ್ನು ಮಾತ್ರ ನೋಡಿಸಿ. ಸವೆದ ಟೈರ್, ಗಾಳಿ ಕಡಿಮೆಯಿರುವ ಟೈರ್ ಕಾದ ರಸ್ತೆಯಲ್ಲಿ ವೇಗವಾಗಿ ಓಡುವಾಗ ಸಿಡಿಯಬಹುದು. ಗಾಳಿಯ ಒತ್ತಡವನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಪರೀಕ್ಷಿಸಬೇಕು. ಎಷ್ಟಿರಬೇಕು ಎಂಬುದನ್ನು ಹೆಚ್ಚಿನ ಕಾರುಗಳಲ್ಲಿ ಚಾಲಕನ ಬಾಗಿಲಿನ ಒಳಬದಿಯ ಸ್ಟಿಕ್ಕರ್‌ನಲ್ಲಿ ಬರೆದಿರುತ್ತಾರೆ.